ರೆಕ್ಕೆಗೆ ಬಟ್ಟೆ

ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದವರಿಗೆ ವಿಮಾನ ಕಟ್ಟುವ ವಿದ್ಯೆಯ ಒಂದು ಭಾಗ ಆಗಲೇ ಬಂದಿರುತ್ತದೆ. ಹಾಸಿನ ಎಳೆಗಳೆಲ್ಲ ಒಂದೇ ಬಿಗಿಯಲ್ಲಿರಬೇಕು, ಒಂದು ಕಡೆ ಸಡಿಲ ಬಿಟ್ಟರೆ ಇಡೀ ಬಟ್ಟೆ ಓರೆ ಬರುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಕಾಶದಲ್ಲಿ ಪಲ್ಟಿ ಹೊಡೆಯುವ, ಮೂಗು ಮೇಲೆ ಮಾಡಿ ನಿಂತಲ್ಲೇ ನಿಲ್ಲುವ ದೊಡ್ಡ ರೇಡಿಯೊ ನಿಯಂತ್ರಿತ ವಿಮಾನಕ್ಕೆ ಹೊದಿಕೆ ಹಾಕುವಾಗ ಬೇಕಾಗುವುದೂ ಇದೇ ತಿಳಿವಳಿಕೆ. ಹೊದಿಕೆ ಎಂದರೆ ಅಂದಕ್ಕೆ ಹಚ್ಚುವ ಬಣ್ಣ ಎಂದು ಬಹಳ ಮಂದಿ ಭಾವಿಸುತ್ತಾರೆ. ವಾಸ್ತವದಲ್ಲಿ ಅದು ವಿಮಾನದ ರಚನೆಯ ಭಾಗ. ಅದರ ಬಿಗಿ ತಪ್ಪಿದರೆ ಎಂಥ ಒಳ್ಳೆಯ ಎಂಜಿನ್ನೂ ಆ ವಿಮಾನವನ್ನು ನೆಟ್ಟಗೆ ಹಾರಿಸಲಾರದು.

1903ರ ಡಿಸೆಂಬರ್ 17ರಂದು ಹಾರಿದ ರೈಟ್ ಸಹೋದರರ ಯಂತ್ರಕ್ಕೆ ಹೊದಿಸಿದ್ದು ಅಂಗಡಿಯಲ್ಲಿ ಕೊಂಡ ಸಾದಾ ಮಸ್ಲಿನ್ ಹತ್ತಿ ಬಟ್ಟೆ. ಅದನ್ನು ಅವರು ಹಾಸು-ಹೊಕ್ಕುಗಳು 45 ಡಿಗ್ರಿ ಓರೆಯಾಗಿ ಬರುವಂತೆ ಹೊದಿಸಿದರು. ಯಾಕೆಂದು ತಿಳಿಯಬೇಕಾದರೆ ಒಂದು ಕರವಸ್ತ್ರ ಸಾಕು. ಹಾಸಿನ ದಿಕ್ಕಿನಲ್ಲಿ ಎಳೆದರೆ ಅದು ಜಗ್ಗುವುದಿಲ್ಲ, ಮೂಲೆಯಿಂದ ಮೂಲೆಗೆ ಎಳೆದರೆ ಸಲೀಸಾಗಿ ಹಿಗ್ಗುತ್ತದೆ. ರೆಕ್ಕೆ ಎಂದರೆ ಚೌಕಗಳ ಸಾಲು: ಉದ್ದಕ್ಕೆ ಸ್ಪಾರ್, ಅಡ್ಡಕ್ಕೆ ರಿಬ್. ಗಾಳಿಯ ಒತ್ತಡಕ್ಕೆ ಈ ಚೌಕಗಳು ವಾಲತೊಡಗಿದಾಗ ಅವುಗಳ ಕರ್ಣದ ಗುಂಟ ಎಳೆಗಳು ಬಿಗಿಯಾಗಿ ನಿಂತಿದ್ದರೆ ವಾಲಲು ಬಿಡುವುದಿಲ್ಲ. ಬೇರೆ ತಂತಿ, ಬೇರೆ ಕಟ್ಟಿಗೆ ಸೇರಿಸದೆ ಬಟ್ಟೆಯನ್ನೇ ತಿರುಗಿಸಿ ಹಾಕಿ ಅವರು ರೆಕ್ಕೆಗೆ ಬಲ ತುಂಬಿದ್ದರು. ವಿಮಾನ ಚರಿತ್ರೆಯ ಪುಸ್ತಕಗಳು ಎಂಜಿನ್‌ಗೆ ಕೊಟ್ಟಷ್ಟು ಪುಟಗಳನ್ನು ಈ ಉಪಾಯಕ್ಕೆ ಕೊಟ್ಟಿಲ್ಲವೆಂಬುದು ನನ್ನ ತಕರಾರು.

ಮುಂದೆ ಮೊದಲ ಮಹಾಯುದ್ಧದ ವಿಮಾನಗಳಿಗೆ ಅಗಸೆ ನಾರಿನ ಲಿನನ್ ಬಂತು. ಅದರ ಮೇಲೆ ಡೋಪ್ ಎಂಬ ಸೆಲ್ಯುಲೋಸ್ ದ್ರಾವಣ ಬಳಿಯುತ್ತಿದ್ದರು. ಒಣಗುತ್ತ ಅದು ಬಟ್ಟೆಯನ್ನು ಎಳೆದು ಬಿಗಿ ಮಾಡುತ್ತಿತ್ತು, ನೂಲಿನ ಸಂದುಗಳನ್ನು ಮುಚ್ಚಿ ಗಾಳಿ ತೂರದಂತೆ ಮಾಡುತ್ತಿತ್ತು. ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನ ಮಸ್ಕಿಟೊ ಬಹುಪಾಲು ಮರದ್ದು. ಬರ್ಚ್ ಪ್ಲೈವುಡ್ಡಿನ ಎರಡು ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರ, ಅದರ ಮೇಲೆ ಮಡಪೊಲ್ಲಂ ಎಂಬ ನವಿರಾದ ಹತ್ತಿ ಬಟ್ಟೆ. ಆಂಧ್ರದ ನರಸಾಪುರದ ಹತ್ತಿರದ ನೇಕಾರರ ಹಳ್ಳಿಯೊಂದರಿಂದ ಹೊರಟ ಬಟ್ಟೆ ಅದು. ಇದೇ ಮಸ್ಕಿಟೊಗಳಲ್ಲಿ ಕೆಲವು 1944ರಲ್ಲಿ ಭಾರತದಲ್ಲಿದ್ದಾಗ ರೆಕ್ಕೆಯ ಅಂಟಿನ ಜೋಡಣೆಗಳು ಬಿಟ್ಟುಕೊಂಡು ಮುರಿದುಬಿದ್ದವು, ಉಳಿದವನ್ನು ನೆಲಕ್ಕಿಳಿಸಿ ಪರೀಕ್ಷಿಸಬೇಕಾಯಿತು. ಮರ, ಅಂಟು, ಬಟ್ಟೆ ಮೂರೂ ಹವೆಗೆ ಸ್ಪಂದಿಸುತ್ತವೆ. ಬಾಗಲಕೋಟೆ ಜಿಲ್ಲೆಯ ಬಿಸಿಲಿನಲ್ಲಿ ಕೆಲಸ ಮಾಡುವವರು ಇದನ್ನು ಮರೆಯಬಾರದು.

ನಮ್ಮ ರಾಜ್ಯದ ವಿಮಾನಗಳೂ ಬಟ್ಟೆ ಉಟ್ಟಿವೆ. ಗಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಅವರ ಕೈಕೆಳಗೆ ಡಾಕ್ಟರೇಟ್ ಮಾಡಿ ಬಂದ ವಿ. ಎಂ. ಘಾಟಗೆ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ವಿನ್ಯಾಸದ ಮುಂದಾಳಾಗಿದ್ದರು. ಅವರ ತಂಡದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಮೊದಲ ಸಲ ಹಾರಿತು. 1958ರ ಸೆಪ್ಟೆಂಬರ್ 28ರಂದು ಅದೇ ಕಾರ್ಖಾನೆಯಿಂದ ಪುಷ್ಪಕ್ ಮೇಲೇರಿತು. ಎರಡು ಆಸನ, 90 ಅಶ್ವಶಕ್ತಿಯ ಎಂಜಿನ್, ಮೈತುಂಬ ಬಟ್ಟೆಯ ಹೊದಿಕೆ. 150ರ ಆಸುಪಾಸು ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದವು. ಒಂದು ತಲೆಮಾರಿನ ಪೈಲಟ್‌ಗಳು ಅವುಗಳಲ್ಲಿ ಕಲಿತರು. ದೊಡ್ಡ ಮಾದರಿ ವಿಮಾನ ಕಟ್ಟುವವರು ಇವತ್ತು ಮಾಡುವ ಕೆಲಸ ಪುಷ್ಪಕ್‌ನ ಕಾರ್ಖಾನೆಯಲ್ಲಿ ನಡೆದ ಕೆಲಸದ ತಮ್ಮನೇ ಸರಿ. ಅಳತೆ ಮಾತ್ರ ಬೇರೆ.

ಆದರೆ ಅಳತೆ ಬೇರೆಯಾದ ಕೂಡಲೇ ಲೆಕ್ಕವೂ ಬೇರೆಯಾಗುತ್ತದೆ. ಗೆಲಿಲಿಯೊ 1638ರಲ್ಲೇ ಎತ್ತಿ ತೋರಿಸಿದ ವಿಷಯ ಇದು: ಉದ್ದವನ್ನು ಬದಲಿಸಿದರೆ ಮೇಲ್ಮೈ ವರ್ಗದ ಲೆಕ್ಕದಲ್ಲಿ, ತೂಕ ಘನದ ಲೆಕ್ಕದಲ್ಲಿ ಬದಲಾಗುತ್ತದೆ. ಕಸರತ್ತಿನ ವಿಮಾನಗಳಲ್ಲಿ ಹೆಸರಾದ ಜರ್ಮನಿಯ ಎಕ್ಸ್‌ಟ್ರಾ 300 ಅನ್ನೇ ತೆಗೆದುಕೊಳ್ಳೋಣ. ವಾಲ್ಟರ್ ಎಕ್ಸ್‌ಟ್ರಾ ವಿನ್ಯಾಸ ಮಾಡಿದ ಈ ವಿಮಾನ 1988ರಲ್ಲಿ ಮೊದಲು ಹಾರಿತು. ರೆಕ್ಕೆಯ ತುದಿಯಿಂದ ತುದಿಗೆ 8 ಮೀಟರ್, ರೆಕ್ಕೆಯ ವಿಸ್ತೀರ್ಣ 10.7 ಚದರ ಮೀಟರ್, ಗರಿಷ್ಠ ತೂಕ 950 ಕಿಲೊ. ಇದರ ಮೂರನೇ ಒಂದರಷ್ಟು ಅಳತೆಯ ಮಾದರಿಗೆ 2.67 ಮೀಟರ್ ರೆಕ್ಕೆ. ವಿಸ್ತೀರ್ಣ ಒಂಬತ್ತನೇ ಒಂದು, ಅಂದರೆ ಸುಮಾರು 1.19 ಚದರ ಮೀಟರ್. ತೂಕ ಇಪ್ಪತ್ತೇಳನೇ ಒಂದು, ಅಂದರೆ 35 ಕಿಲೊ. ಅಳತೆಗೆ ತಕ್ಕ ತೂಕ ಇಷ್ಟಾದರೂ ಇದು ಮಾದರಿಗೆ ಭಾರವೇ. ಒಳ್ಳೆಯ ಕಟ್ಟುಗಾರರು ಇದೇ ಅಳತೆಯ ವಿಮಾನವನ್ನು 12-14 ಕಿಲೊದಲ್ಲಿ ಮುಗಿಸುತ್ತಾರೆ.

ಈ ಹಗುರತನದಿಂದ ಸಿಗುವ ಲಾಭ ನೋಡಿ. ನಿಜ ವಿಮಾನದ ರೆಕ್ಕೆ ಪ್ರತಿ ಚದರ ಮೀಟರಿಗೆ 89 ಕಿಲೊ ಹೊರುತ್ತದೆ. 13 ಕಿಲೊದ ಮಾದರಿಯ ರೆಕ್ಕೆ ಹೊರುವುದು 11 ಕಿಲೊ. ತೇಲಲು ಬೇಕಾದ ಕನಿಷ್ಠ ವೇಗ ಈ ಹೊರೆಯ ವರ್ಗಮೂಲವನ್ನು ಅನುಸರಿಸುತ್ತದೆ. ನಿಜ ವಿಮಾನಕ್ಕೆ ಗಂಟೆಗೆ 100 ಕಿಲೊಮೀಟರ್ ಬೇಕಿದ್ದರೆ ಮಾದರಿಗೆ 35-40 ಸಾಕು. ಸೈಕಲ್ಲನ್ನು ಜೋರಾಗಿ ತುಳಿದಷ್ಟು ವೇಗ. ಇದಕ್ಕೆ 100 ಸಿಸಿ ಸಾಮರ್ಥ್ಯದ, ಎರಡು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಕೂರಿಸಿದರೆ ಸುಮಾರು 9-10 ಅಶ್ವಶಕ್ತಿ ಸಿಗುತ್ತದೆ. ಫ್ಯಾನಿನ ಎಳೆತ ವಿಮಾನದ ತೂಕಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದಲೇ ಅದು ಬಾಲ ನೆಲಕ್ಕೆ ಮಾಡಿ ಗಾಳಿಯಲ್ಲಿ ನಿಂತುಬಿಡುತ್ತದೆ, ಅಲ್ಲಿಂದಲೇ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ.

ಹಗುರ ಎಂದರೆ ಬಲಹೀನ ಎಂದಲ್ಲ. ಗಂಟೆಗೆ 144 ಕಿಲೊಮೀಟರ್ ವೇಗದಲ್ಲಿ ಹೋಗುತ್ತಿರುವ ಈ ಮಾದರಿಯನ್ನು 18 ಮೀಟರ್ ತ್ರಿಜ್ಯದ ಲೂಪಿಗೆ ಎಳೆದರೆ ಅದರ ತಳದಲ್ಲಿ ರೆಕ್ಕೆಯ ಮೇಲೆ ಬೀಳುವ ಹೊರೆ ತೂಕದ ಹತ್ತು ಪಟ್ಟು, ಅಂದರೆ 130 ಕಿಲೊ. ಪ್ರತಿ ರೆಕ್ಕೆಗೆ 65 ಕಿಲೊ. ಒಂದು ಮೂಟೆ ಸಿಮೆಂಟಿಗಿಂತ ಹೆಚ್ಚಿನ ಈ ಭಾರ ಬುಡದಿಂದ ಅರ್ಧ ಮೀಟರ್ ಆಚೆ ತೂಗಿದಂತೆ ಕೆಲಸ ಮಾಡುತ್ತದೆ. ಅದನ್ನು ಹೊರುವುದು ಎರಡೂ ರೆಕ್ಕೆಗಳನ್ನು ಹಾದುಹೋಗುವ ಕಾರ್ಬನ್ ನಾರಿನ ಇಲ್ಲವೆ ಅಲ್ಯುಮಿನಿಯಂ ಕೊಳವೆ, ಮತ್ತು ಅದರ ಆಚೆ ಸ್ಪಾರ್.

ಉಳಿದದ್ದೆಲ್ಲ ಬಾಲ್ಸಾ. ಹೆಚ್ಚಾಗಿ ಈಕ್ವೆಡಾರ್‌ನಿಂದ ಬರುವ ಈ ಮರದ ಒಂದು ಘನ ಮೀಟರ್ 100ರಿಂದ 150 ಕಿಲೊ ತೂಗುತ್ತದೆ. ನಮ್ಮ ಸಾಗವಾನಿ 650ರ ಆಸುಪಾಸು. ಬಾಲ್ಸಾ ಹಾಳೆಗಳು ನೋಡಲು ಒಂದೇ ತರಹ ಕಂಡರೂ ತೂಕದಲ್ಲಿ ಇಮ್ಮಡಿ ವ್ಯತ್ಯಾಸ ಇರಬಹುದು. ಅದಕ್ಕೇ ಅನುಭವಸ್ಥರು ಪ್ರತಿಯೊಂದು ಹಾಳೆಯನ್ನೂ ತಕ್ಕಡಿಗೆ ಹಾಕಿ, ಅಂಚಿನಲ್ಲಿ ಪೆನ್ಸಿಲಿನಿಂದ ತೂಕ ಬರೆದಿಡುತ್ತಾರೆ. ತೀರ ಹಗುರವಾದದ್ದು ಬಾಲಕ್ಕೆ, ಗಟ್ಟಿಯಾದದ್ದು ಎಂಜಿನ್ ಹತ್ತಿರಕ್ಕೆ. ವಿಮಾನ ತೂಗುವ ಬಿಂದುವಿನಿಂದ ಬಾಲ ಬಹಳ ದೂರ ಇರುವುದರಿಂದ ಅಲ್ಲಿ ಒಂದು ಗ್ರಾಂ ಹೆಚ್ಚಾದರೆ ಸರಿದೂಗಿಸಲು ಮೂಗಿನಲ್ಲಿ ಎರಡು-ಮೂರು ಗ್ರಾಂ ಕೂಡಿಸಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಕಟ್ಟೋಣದಲ್ಲಿ ಅತಿ ಮುಖ್ಯವಾದ ಉಪಕರಣ ಈ ತಕ್ಕಡಿಯೇ. ಗರಗಸ, ಉಳಿ, ಅಂಟು ಎಲ್ಲ ಆಮೇಲೆ.

ರಿಬ್, ಸ್ಪಾರ್ ಎಲ್ಲ ಅಂಟಿಸಿ ಮುಗಿದು ಇನ್ನೂ ಹೊದಿಕೆ ಹಾಕದ ರೆಕ್ಕೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಮೇಲಕ್ಕೆ ಬಗ್ಗಿಸಲು ಹೋದರೆ ಸ್ಪಾರ್ ಬಿಡುವುದಿಲ್ಲ, ಆದರೆ ತಿರುಚಿದರೆ ತುದಿ ಸ್ವಲ್ಪ ತಿರುಗುತ್ತದೆ. ಮುಂದಿನ ಅಂಚಿಗೆ ಬಾಲ್ಸಾ ಹಾಳೆ ಸುತ್ತಿ ಪೆಟ್ಟಿಗೆ ಮಾಡಿದ್ದರೆ ತಿರುಚುವಿಕೆ ಕಡಿಮೆ, ಇಲ್ಲದಿದ್ದರೆ ಹೆಚ್ಚು. ಅದೇ ರೆಕ್ಕೆಗೆ ಹೊದಿಕೆ ಹಾಕಿ ಬಿಗಿ ಮಾಡಿದ ಮೇಲೆ ಮತ್ತೆ ತಿರುಚಿದರೆ ಕೈಗೆ ಸಿಗುವ ಅನುಭವವೇ ಬೇರೆ. ಕೂದಲಿನಷ್ಟು ತೆಳ್ಳಗಿನ, ಪ್ರತಿ ಚದರ ಮೀಟರಿಗೆ 60-70 ಗ್ರಾಂ ತೂಗುವ ಹಾಳೆ ಅದನ್ನು ಮರದ ಹಲಗೆಯಂತೆ ಗಟ್ಟಿ ಮಾಡಿರುತ್ತದೆ.

ಇದು ಹೇಗೆ ಸಾಧ್ಯ? ಹಾಳೆ ತಳ್ಳುವಿಕೆಯನ್ನು ತಡೆಯಲಾರದು, ಎಳೆತವನ್ನಷ್ಟೇ ತಡೆಯಬಲ್ಲದು. ಚೌಕಟ್ಟು ವಾಲಿದಾಗ ಒಂದು ಕರ್ಣ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ಸಡಿಲ ಹಾಳೆಯಾದರೆ ಕುಗ್ಗಿದ ಕರ್ಣದಲ್ಲಿ ನಿರಿಗೆ ಬಿದ್ದು ಅದು ಕೆಲಸಕ್ಕೆ ಬಾರದಾಗುತ್ತದೆ. ಮೊದಲೇ ಬಿಗಿಯಾಗಿ ಎಳೆದಿದ್ದರೆ ಕುಗ್ಗಿದ ಕರ್ಣದಲ್ಲೂ ಇನ್ನೂ ಅಷ್ಟಿಷ್ಟು ಎಳೆತ ಉಳಿದಿರುತ್ತದೆ, ಎರಡೂ ಕರ್ಣಗಳು ದುಡಿಯುತ್ತವೆ. ಹೊದಿಕೆಯ ಬಲ ಇರುವುದು ಅದರ ದಪ್ಪದಲ್ಲಿ ಅಲ್ಲ, ಬಿಗಿಯಲ್ಲಿ.

ಆ ಬಿಗಿ ಬರುವುದು ಇಸ್ತ್ರಿಯಿಂದ. ಇವತ್ತು ಮಾದರಿ ವಿಮಾನಗಳಿಗೆ ಬಳಸುವ ಹೆಚ್ಚಿನ ಫಿಲ್ಮ್‌ಗಳು ಪಾಲಿಯೆಸ್ಟರ್ ಹಾಳೆಗಳು. ಒಂದು ಮೈಗೆ ಶಾಖ ತಾಗಿದರೆ ಅಂಟುವ ಲೇಪ, ಅದರ ಮೇಲೆ ಕಿತ್ತೆಸೆಯುವ ಪಾರದರ್ಶಕ ಪದರ. ಜರ್ಮನಿಯ ಒರಾಕವರ್ ಹೆಚ್ಚು ಬಳಕೆಯಲ್ಲಿರುವ ಹೆಸರುಗಳಲ್ಲೊಂದು. ಕಾರ್ಖಾನೆಯಲ್ಲಿ ಈ ಹಾಳೆಯನ್ನು ಬಿಸಿಯಿರುವಾಗಲೇ ಉದ್ದಕ್ಕೂ ಅಗಲಕ್ಕೂ ಎಳೆದು, ಎಳೆದ ಸ್ಥಿತಿಯಲ್ಲೇ ತಣಿಸಿರುತ್ತಾರೆ. ಮುದುಡಿಕೊಂಡಿರಬೇಕಾದ ಉದ್ದನೆಯ ಅಣುಸರಪಳಿಗಳು ನೆಟ್ಟಗೆ ಚಾಚಿಕೊಂಡೇ ಸಿಕ್ಕಿಬಿದ್ದಿರುತ್ತವೆ. 70-80 ಡಿಗ್ರಿ ದಾಟುತ್ತಲೇ ಅವುಗಳಿಗೆ ಅಲುಗಾಡುವ ಸ್ವಾತಂತ್ರ್ಯ ಬಂದು, ಹಿಂದಿನಂತೆ ಮುದುಡಿಕೊಳ್ಳಲು ಹವಣಿಸುತ್ತವೆ. ಹಾಳೆಯ ಅಂಚುಗಳು ಚೌಕಟ್ಟಿಗೆ ಅಂಟಿರುವುದರಿಂದ ಹಾಳೆ ಕುಗ್ಗುವುದಕ್ಕಾಗದೆ ಬಿಗಿಯಾಗುತ್ತದೆ.

ಕೆಲಸ ಮಾಡುವ ಕ್ರಮದಲ್ಲೇ ಎಲ್ಲವೂ ಇದೆ. ಮೊದಲು ಮರವನ್ನು ನುಣ್ಣಗೆ ಉಜ್ಜಿ ಧೂಳು ಒರೆಸಬೇಕು. ಪವರ್‌ಲೂಮ್ ನಡೆಯುವ ಮನೆಯ ಪಡಸಾಲೆಯಲ್ಲಿ ಇದು ಸುಲಭವಲ್ಲ. ಗಾಳಿಯಲ್ಲಿ ತೇಲುವ ಹತ್ತಿಯ ನವಿರು ಎಳೆ ಅಂಟಿನ ಕೆಳಗೆ ಸಿಕ್ಕಿದರೆ ಗೆರೆಯಾಗಿ ಉಳಿದುಬಿಡುತ್ತದೆ. ಬಾಗಿಲು ಹಾಕಿದ ಬೇರೆ ಕೋಣೆಯೇ ಬೇಕು. ಇಸ್ತ್ರಿಯನ್ನು 100 ಡಿಗ್ರಿಯ ಹತ್ತಿರ ಇಟ್ಟುಕೊಂಡು ಬರಿ ಅಂಚುಗಳನ್ನು ಅಂಟಿಸುತ್ತ ಹೋಗಬೇಕು: ಬುಡದಲ್ಲಿ ಒಂದು ಕಡೆ, ತುದಿಯಲ್ಲಿ ಒಂದು ಕಡೆ, ಆಮೇಲೆ ಹಿಂದೆ, ಮುಂದೆ. ಮೊದಲು ರೆಕ್ಕೆಯ ಕೆಳಮೈ, ಆಮೇಲೆ ಮೇಲ್ಮೈ. ಮೇಲಿನ ಹಾಳೆ ಮುಂದಿನ ಅಂಚನ್ನು ಬಳಸಿ ಕೆಳಗೆ ಬಂದು ಅಂಟಬೇಕು. ಎದುರು ಗಾಳಿಗೆ ಸೀಳು ಸಿಗಬಾರದು. 1918ರಲ್ಲಿ ನ್ಯೂಪೋರ್ 28 ಎಂಬ ಯುದ್ಧವಿಮಾನ ಕೆಳಕ್ಕೆ ಧುಮುಕುವಾಗ ಮೇಲಿನ ರೆಕ್ಕೆಯ ಮುಂದಿನ ಅಂಚು ಕಿತ್ತು, ಅದರ ಹಿಂದೆಯೇ ಬಟ್ಟೆ ಸುಲಿದುಹೋಗುತ್ತಿತ್ತು.

ಎರಡೂ ಮೈ ಅಂಟಿದ ಮೇಲೆಯೇ ಇಸ್ತ್ರಿಯ ಶಾಖವನ್ನು 140-150 ಡಿಗ್ರಿಗೆ ಏರಿಸಿ ನಡುವಿನ ಭಾಗಗಳನ್ನು ಬಿಗಿ ಮಾಡಬೇಕು. ಆತುರಗಾರರು ಎಡವುವುದು ಇಲ್ಲೇ. ಕೆಳಮೈಯನ್ನು ಪೂರ್ತಿ ಬಿಗಿ ಮಾಡಿ ಮೇಲ್ಮೈಯನ್ನು ಆಮೇಲೆ ಹಚ್ಚಿದರೆ ರೆಕ್ಕೆ ಆಗಲೇ ತಿರುಚಿಕೊಂಡಿರುತ್ತದೆ, ಮೇಲಿನ ಹಾಳೆ ಆ ತಿರುಚನ್ನೇ ಭದ್ರ ಮಾಡುತ್ತದೆ. ಕೆಳಗೊಂದು ಅಂಕಣ, ಮೇಲೊಂದು ಅಂಕಣ ಎಂದು ಸರದಿಯಲ್ಲಿ ಬಿಗಿ ಮಾಡುತ್ತ, ಪ್ರತಿ ಸಲವೂ ರೆಕ್ಕೆಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನಾಲ್ಕು ಮೂಲೆಯೂ ಸಮ ಕೂತಿವೆಯೇ ಎಂದು ನೋಡಬೇಕು. ತಿರುಚು ಕಂಡರೆ ಎದುರು ದಿಕ್ಕಿಗೆ ಹಿಡಿದುಕೊಂಡು, ನಿರಿಗೆ ಬಿದ್ದ ಕಡೆ ಮತ್ತೆ ಶಾಖ ಕೊಟ್ಟು, ತಣಿಯುವವರೆಗೂ ಬಿಡದೆ ಹಿಡಿದಿರಬೇಕು.

ಒಂದು ಡಿಗ್ರಿ ತಿರುಚಿಗೆ ಇಷ್ಟೆಲ್ಲ ಯಾಕೆ ಎನ್ನಬಹುದು. ನೆಟ್ಟಗೆ ಹಾರುವಾಗ ರೆಕ್ಕೆಯ ಹಿಂದಿನ ಅಂಚಿನಲ್ಲಿ ತಿರುಗುವ ಪಟ್ಟಿಗಳಾದ ಏಲರಾನ್‌ಗಳನ್ನು ಕೊಂಚ ತಿರುಗಿಸಿಟ್ಟು ಅದನ್ನು ಸರಿದೂಗಿಸಿಕೊಳ್ಳಬಹುದು, ನಿಜ. ಆದರೆ ಕಸರತ್ತಿನ ವಿಮಾನ ಬೇಕೆಂದೇ ಸ್ಟಾಲ್ ಆಗುತ್ತದೆ. ಸ್ನ್ಯಾಪ್ ರೋಲ್ ಎಂಬ ಪಟ್ಟಿನಲ್ಲಿ ಒಂದು ರೆಕ್ಕೆಯನ್ನು ತೇಲುವ ಶಕ್ತಿ ಕಳೆದುಕೊಳ್ಳುವಂತೆ ಮಾಡಿ ವಿಮಾನವನ್ನು ಗಿರ್ರನೆ ತಿರುಗಿಸುತ್ತಾರೆ. ಮುಂದಿನ ಅಂಚು ಮೇಲಾಗುವಂತೆ ತಿರುಚಿಕೊಂಡ ರೆಕ್ಕೆ ಗಾಳಿಯನ್ನು ಹೆಚ್ಚಿನ ಕೋನದಲ್ಲಿ ಎದುರಿಸುವುದರಿಂದ ಇನ್ನೊಂದಕ್ಕಿಂತ ಮೊದಲೇ ಸ್ಟಾಲ್ ಆಗುತ್ತದೆ. ಎಡಕ್ಕೆ ಒಂದು ರೀತಿ, ಬಲಕ್ಕೆ ಇನ್ನೊಂದು ರೀತಿ. ಇಳಿಯುವಾಗ ನೆಲ ಹತ್ತಿರವಿದ್ದು ವೇಗ ಕಡಿಮೆಯಿದ್ದರೆ ಆ ರೆಕ್ಕೆ ದಿಢೀರನೆ ಕೆಳಗಿಳಿಯುತ್ತದೆ. ಇಸ್ತ್ರಿ ಹಿಡಿದಾಗ ಆದ ಅವಸರ ಹೀಗೆ ಹೊಲದಲ್ಲಿ ಲೆಕ್ಕ ಚುಕ್ತಾ ಮಾಡುತ್ತದೆ.

ಏಲರಾನ್, ಬಾಲದ ಎಲಿವೇಟರ್, ರಡ್ಡರ್‌ಗಳ ತಿರುಗಣೆಯ ಸಂದನ್ನು ಇದೇ ಫಿಲ್ಮಿನ ಪಟ್ಟಿಯಿಂದ ಮುಚ್ಚುವುದನ್ನೂ ಬಿಡಬಾರದು. ತೆರೆದ ಸಂದಿನಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ನುಸುಳಿ ನಿಯಂತ್ರಣದ ಕಸುವು ಕುಂದಿಸುತ್ತದೆ. ಅವನ್ನು ತಿರುಗಿಸುವ ಸರ್ವೊ ಮೋಟಾರಿನ ಕೊಂಡಿಗಳೂ ಸಡಿಲವಿದ್ದರೆ ವೇಗದಲ್ಲಿ ಏಲರಾನ್ ಪಟಪಟ ಬಡಿದುಕೊಳ್ಳತೊಡಗಿ, ಕ್ಷಣಾರ್ಧದಲ್ಲಿ ಕಿತ್ತುಹೋಗಬಹುದು.

ಇನ್ನು ಈ ಸೀಮೆಯ ಹವೆ. ಜಮಖಂಡಿ, ಮುಧೋಳಗಳಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕಪ್ಪು ಇಲ್ಲವೆ ಕಡುನೀಲಿ ಹೊದಿಕೆ ಬಿಸಿಲಲ್ಲಿ ಇನ್ನೂ 25-30 ಡಿಗ್ರಿ ಹೆಚ್ಚು ಕಾಯಬಲ್ಲದು. ಅಂದರೆ ಅಣುಸರಪಳಿಗಳು ಅಲುಗಾಡತೊಡಗುವ ಮಟ್ಟಕ್ಕೆ ತೀರ ಹತ್ತಿರ. ಬಾಲ್ಸಾ ಕೂಡ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಶ್ರಾವಣದಲ್ಲಿ ಹೊದಿಸಿದ ರೆಕ್ಕೆ ಶಿವರಾತ್ರಿಯ ಹೊತ್ತಿಗೆ ನಿರಿಗೆ ಬಿಟ್ಟಿದ್ದರೆ ಅಚ್ಚರಿಯಿಲ್ಲ. ನನ್ನ ಸಲಹೆ ಇಷ್ಟು: ಮೇಲ್ಮೈಗೆ ಬಿಳಿ, ಹಳದಿಯಂಥ ತಿಳಿಬಣ್ಣ ಇರಲಿ, ಕೆಳಮೈಗೆ ಅಗಲವಾದ ಕಡು ಪಟ್ಟಿಗಳಿರಲಿ. ಕಾವೂ ಕಡಿಮೆ, ದೂರದಲ್ಲಿ ಹಾರುವಾಗ ವಿಮಾನ ನೆಟ್ಟಗಿದೆಯೋ ಮಗುಚಿದೆಯೋ ಎಂಬುದೂ ಕೂಡಲೇ ಗೊತ್ತಾಗುತ್ತದೆ. ಬಾಗಿಲು ಮುಚ್ಚಿದ ಕಾರಿನಲ್ಲಿ ರೆಕ್ಕೆಗಳನ್ನು ಬಿಟ್ಟು ಊಟಕ್ಕೆ ಹೋಗಬೇಡಿ.

ಬನಹಟ್ಟಿಯ ಓದುಗರಿಗೆ ಒಂದು ವಿಷಯ ವಿಶೇಷವಾಗಿ ಹೇಳಬೇಕು. ಮನುಷ್ಯರು ಕೂತು ಹಾರುವ ಬಟ್ಟೆಯ ವಿಮಾನಗಳಿಗೆ ಇವತ್ತು ಹೆಚ್ಚಾಗಿ ಬಳಸುವುದು ನೇಯ್ದ ಪಾಲಿಯೆಸ್ಟರ್. ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಅಂಗಿ ಬಟ್ಟೆ ಇದಕ್ಕೆ ಬಾರದು. ಒಗೆದಾಗ, ಇಸ್ತ್ರಿ ಮಾಡಿದಾಗ ಕುಗ್ಗದಿರಲೆಂದು ಕಾರ್ಖಾನೆಯಲ್ಲಿ ಅದನ್ನು ಮೊದಲೇ ಕಾಯಿಸಿ ಸ್ಥಿರ ಮಾಡಿರುತ್ತಾರೆ. ವಿಮಾನಕ್ಕೆ ಬೇಕಾದದ್ದು ಮಗ್ಗದಿಂದ ಇಳಿದ ಹಸಿ ಬಟ್ಟೆ, ಇನ್ನೂ ಶಾಖ ಕಾಣದ್ದು. ಅದನ್ನು ಚೌಕಟ್ಟಿಗೆ ಅಂಟಿಸಿ 120 ಡಿಗ್ರಿಯಿಂದ ಶುರುಮಾಡಿ 175ರವರೆಗೆ ಕಾಯಿಸಿದರೆ ಹತ್ತಕ್ಕೆ ಒಂದು ಪಾಲಿನಷ್ಟು ಕುಗ್ಗಿ ಬಿಗಿಯಾಗುತ್ತದೆ. ಹಗುರ ದರ್ಜೆಯದು ಚದರ ಮೀಟರಿಗೆ ಸುಮಾರು 60 ಗ್ರಾಂ. ಹಳೆಯ ಕಾಲದ ವಿಮಾನದ ಹತ್ತಿ ಬಟ್ಟೆ 135 ಗ್ರಾಂ ಹತ್ತಿರ ತೂಗುತ್ತಿತ್ತು, ಡೋಪ್ ಬೇರೆ. ನಮ್ಮ ಮಾದರಿಗೆ ಒಟ್ಟು ಐದು ಚದರ ಮೀಟರ್ ಹೊದಿಕೆ ಬೇಕೆಂದಿಟ್ಟುಕೊಂಡರೆ ಪಾಲಿಯೆಸ್ಟರಿನಲ್ಲಿ 300 ಗ್ರಾಂ, ಹತ್ತಿಯಲ್ಲಿ ಮುಕ್ಕಾಲು ಕಿಲೊದ ಹತ್ತಿರ.

ಸಾದಾ ನೇಯ್ಗೆ, ಸಣ್ಣ ನೂಲು, ಹಾಸು-ಹೊಕ್ಕುಗಳಲ್ಲಿ ಸಮ ಬಿಗಿ: ಇಂಥ ಬಟ್ಟೆ ಪವರ್‌ಲೂಮಿನ ಶಕ್ತಿಗೆ ಮೀರಿದ್ದಲ್ಲ. ಅಂಟನ್ನು ಬೇರೆಯಾಗಿ ಬಳಿಯಬೇಕು, ಸಂದು ಮುಚ್ಚಲು ತೆಳು ಲೇಪ ಬೇಕು, ಅವೆರಡರ ತೂಕವೂ ಸೇರುತ್ತದೆ. ಆದರೂ ಹೊರದೇಶದ ಫಿಲ್ಮಿನ ಸುರುಳಿಗೆ ಕಾಯುವ ವಿದ್ಯಾರ್ಥಿಗಳಿಗೆ ಇದು ಪರೀಕ್ಷಿಸಿ ನೋಡತಕ್ಕ ದಾರಿ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೂ ಬನಹಟ್ಟಿಯ ನೇಕಾರರಿಗೂ ನಡುವೆ ಒಂದೆರಡು ತಾಸಿನ ದಾರಿ. ಪ್ರಾಜೆಕ್ಟ್ ವಿಷಯ ಹುಡುಕುವವರು ಗಮನಿಸಲಿ. ಪ್ರಮಾಣಪತ್ರವಿಲ್ಲದ ಬಟ್ಟೆಯನ್ನು ಮನುಷ್ಯರು ಕೂರುವ ವಿಮಾನಕ್ಕೆ ಮಾತ್ರ ಹಾಕಕೂಡದು. ಮಾದರಿಗಷ್ಟೇ.

ಹಾರಿಸುವ ಜಾಗದ ಮಾತು. ಎರೆಹೊಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಚಕ್ರ ಹಿಡಿಯುತ್ತದೆ, ಮಳೆಯಲ್ಲಿ ಅಂಟಾಗುತ್ತದೆ. ಕಲ್ಲು ಆರಿಸಿ ಸಮಮಾಡಿದ ಮಡ್ಡಿ ನೆಲ ವಾಸಿ. ಕಬ್ಬಿನ ಗದ್ದೆಯ ಮಗ್ಗುಲು ಬೇಡ, ಆಳೆತ್ತರದ ಕಬ್ಬಿನಲ್ಲಿ ಬಿದ್ದ ವಿಮಾನ ಹುಡುಕುವುದು ಕಷ್ಟ, ಬೆಳೆಯೂ ಹಾಳು. ಬೀಳಗಿ ಕಡೆಯ ಹಿನ್ನೀರಿನ ದಂಡೆ ವಿಶಾಲವಾಗಿ ಕಂಡರೂ ಅಲ್ಲಿ ಹಕ್ಕಿಗಳ ಗುಂಪುಗಳಿರುತ್ತವೆ, ಅವುಗಳಿಗೆ ತೊಂದರೆ ಕೊಡುವುದು ತರವಲ್ಲ. ವಿದ್ಯುತ್ ತಂತಿ, ರಸ್ತೆ, ಹೊಲದಲ್ಲಿ ದುಡಿಯುವವರು ಎಲ್ಲಿದ್ದಾರೆಂದು ಮೊದಲು ನೋಡಿಕೊಳ್ಳಬೇಕು. 2021ರ ಡ್ರೋನ್ ನಿಯಮಗಳು ಇಂಥ ವಿಮಾನಗಳಿಗೂ ಅನ್ವಯಿಸುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಹೊಲ ಅನುಮತಿ ಕೇಳದೆ ಹಾರಿಸಬಹುದಾದ ಹಸಿರು ವಲಯದಲ್ಲಿದೆಯೇ ಎಂದು ನೋಡಿ, ಆ ವಲಯದಲ್ಲೂ 400 ಅಡಿ ಮೀರಬೇಡಿ, ವಿಮಾನ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಲಿ.

13 ಕಿಲೊದ ವಿಮಾನ ಗಂಟೆಗೆ 144 ಕಿಲೊಮೀಟರ್ ವೇಗದಲ್ಲಿ ಹೊತ್ತಿರುವ ಶಕ್ತಿ ಸುಮಾರು 10,400 ಜೂಲ್. ಇಬ್ಬರು ಕೂತ ಬೈಕು ಗಂಟೆಗೆ 33 ಕಿಲೊಮೀಟರ್ ವೇಗದಲ್ಲಿ ಗುದ್ದಿದಷ್ಟು. ಮುಂದೆ ತಿರುಗುತ್ತಿರುವ ಫ್ಯಾನು ಬೇರೆ. ಆದ್ದರಿಂದ ರಿಸೀವರಿಗೆ ಎರಡು ಬ್ಯಾಟರಿ ಇಡಿ. ಸಿಗ್ನಲ್ ತಪ್ಪಿದರೆ ಎಂಜಿನ್ ತಾನಾಗಿ ನಿಧಾನವಾಗುವಂತೆ ಹೊಂದಿಸಿ, ನೆಲದ ಮೇಲೆ ಟ್ರಾನ್ಸ್‌ಮಿಟರ್ ಆರಿಸಿ ಅದನ್ನು ಖಾತ್ರಿ ಮಾಡಿಕೊಳ್ಳಿ. ನೋಡಲು ಬಂದ ಮಕ್ಕಳನ್ನು ನಿಮ್ಮ ಬೆನ್ನ ಹಿಂದೆಯೇ ನಿಲ್ಲಿಸಿ. ಮೊದಲ ಹಾರಾಟಕ್ಕೆ ದೊಡ್ಡ ಮಾದರಿಗಳನ್ನು ಹಾರಿಸಿ ಪಳಗಿದವರೊಬ್ಬರು ಪಕ್ಕದಲ್ಲಿರಲಿ. ಅವರು ಸಿಗುವವರೆಗೆ ವಿಮಾನ ಮನೆಯಲ್ಲೇ ಇರಲಿ.